ಸಂಶಯದ ಬೇರುಗಳು: ಸ್ಕಿಜೋಫ್ರೀನಿಯಾದ ಆಚೆಗೆ

ನೆರೆಹೊರೆಯವರು ಪಿತೂರಿ ನಡೆಸುತ್ತಿದ್ದಾರೆ, ಮನೆಯವರೇ ಅನ್ನದಲ್ಲಿ ವಿಷ ಬೆರೆಸುತ್ತಿದ್ದಾರೆ, ಕಟ್ಟಿಕೊಂಡ ಸಂಗಾತಿಗೆ ಪರರ ಸಂಗವಿದೆ, ಯಾರೋ ಹಗಲಿರುಳು ಹಿಂಬಾಲಿಸುತ್ತಿದ್ದಾರೆ ಎಂಬಂತಹ ನಂಬಿಕೆಗಳು ಯಾವ ಆಧಾರವೂ ಇಲ್ಲದೆ ಹುಟ್ಟಿ, ಎಷ್ಟು ಸಾಕ್ಷ್ಯ ಒದಗಿಸಿದರೂ ಕದಲದೆ, ವ್ಯಕ್ತಿಯ ಊಟ, ನಿದ್ರೆ, ದುಡಿಮೆ, ಸಂಬಂಧಗಳನ್ನೆಲ್ಲ ಕೆಡಿಸುವ ಮಟ್ಟಕ್ಕೆ ಬೆಳೆದಾಗ ಅದನ್ನು ವೈದ್ಯರು ಪ್ಯಾರನೋಯಿಯಾ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ಸಂಶಯಭ್ರಾಂತಿ ಎನ್ನಬಹುದು. ಇಲ್ಲದ್ದನ್ನು ಇದೆಯೆಂದು ದೃಢವಾಗಿ ನಂಬುವುದು ಭ್ರಾಂತಿ. ಇಲ್ಲದ ದನಿಯನ್ನು ಕೇಳುವುದು, ಇಲ್ಲದ ರೂಪವನ್ನು ಕಾಣುವುದು ಭ್ರಮೆ. ಇವೆರಡೂ ಒಟ್ಟಿಗೆ ಇರಬಹುದು, ಬೇರೆ ಬೇರೆಯಾಗಿಯೂ ಇರಬಹುದು.

ಇಂತಹ ಸಂಶಯ ಕಂಡೊಡನೆ ಸಾಮಾನ್ಯರ ಮನಸ್ಸು ಎರಡು ದಾರಿಯಲ್ಲಿ ಓಡುತ್ತದೆ. ಮಾಟ, ಮದ್ದು, ಗಾಳಿ ಸೋಂಕು ಎಂದು ಒಂದು ಕಡೆಯವರು ಹೇಳಿದರೆ, ಅಷ್ಟಿಷ್ಟು ಓದಿ ತಿಳಿದವರು ಇದು ಸ್ಕಿಜೋಫ್ರೀನಿಯಾ, ಬದುಕಿಡೀ ಬಿಡದ ಕಾಯಿಲೆ ಎಂದು ತೀರ್ಮಾನಿಸಿಬಿಡುತ್ತಾರೆ. ಎರಡೂ ಅವಸರದ ತೀರ್ಪುಗಳೇ. ಸಂಶಯಭ್ರಾಂತಿಯು ಜ್ವರದ ಹಾಗೆ ಒಂದು ಲಕ್ಷಣ. ಜ್ವರವೆಲ್ಲ ಮಲೇರಿಯಾ ಅಲ್ಲದಿರುವಂತೆ ಸಂಶಯವೆಲ್ಲ ಸ್ಕಿಜೋಫ್ರೀನಿಯಾ ಅಲ್ಲ. ಅದರ ಬೇರು ಮೂತ್ರದ ಸೋಂಕಿನಲ್ಲಿರಬಹುದು, ಥೈರಾಯ್ಡ್ ಗ್ರಂಥಿಯಲ್ಲಿರಬಹುದು, ನುಂಗುತ್ತಿರುವ ಗುಳಿಗೆಯಲ್ಲಿರಬಹುದು, ಕೇಳದ ಕಿವಿಯಲ್ಲಿರಬಹುದು, ಬಾಲ್ಯದಲ್ಲಿ ತಿಂದ ಪೆಟ್ಟಿನಲ್ಲೂ ಇರಬಹುದು. ಈ ಬೇರುಗಳಲ್ಲಿ ಹಲವನ್ನು ಪೂರ್ತಿಯಾಗಿ ಗುಣಪಡಿಸಬಹುದಾದ್ದರಿಂದಲೇ ಅವುಗಳನ್ನು ತಿಳಿದಿರುವುದು ಮುಖ್ಯ.

ಸಂಶಯ ಪಡುವ ಶಕ್ತಿ ಮನುಷ್ಯನ ಮಿದುಳಿಗೆ ಸಹಜವಾಗಿಯೇ ಬಂದದ್ದು. ಯಾರನ್ನು ನಂಬಬೇಕು, ಯಾರಿಂದ ದೂರವಿರಬೇಕು ಎಂಬುದನ್ನು ಗಳಿಗೆಗಳಿಗೆಗೂ ಅಳೆಯದೆ ಸಮಾಜದಲ್ಲಿ ಬಾಳುವುದು ಸಾಧ್ಯವಿಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಡೇನಿಯಲ್ ಫ್ರೀಮನ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 200 ಮಂದಿ ಸಾಮಾನ್ಯ ನಾಗರಿಕರನ್ನು ಕಂಪ್ಯೂಟರಿನಿಂದ ಸೃಷ್ಟಿಸಿದ ಲಂಡನ್ ಭೂಗತ ರೈಲಿನ ಬೋಗಿಯೊಳಗೆ ಕೆಲವು ನಿಮಿಷ ಓಡಾಡಿಸಲಾಯಿತು. ಅಲ್ಲಿದ್ದ ಕೃತಕ ಪ್ರಯಾಣಿಕರ ನಡವಳಿಕೆಯಲ್ಲಿ ಹಗೆತನವೇನೂ ಇರದಂತೆ ರೂಪಿಸಿದ್ದರೂ, ಭಾಗವಹಿಸಿದವರಲ್ಲಿ ಸುಮಾರು ಶೇಕಡಾ 40ರಷ್ಟು ಜನರಲ್ಲಿ ಒಂದಾದರೂ ಸಂಶಯದ ಆಲೋಚನೆ ಹುಟ್ಟಿತು. ಅಂದರೆ ಸಹಜ ಎಚ್ಚರಕ್ಕೂ ರೋಗದ ಸಂಶಯಕ್ಕೂ ನಡುವೆ ಗೋಡೆಯಿಲ್ಲ, ಮೆಟ್ಟಿಲುಗಳಿವೆ. ಮಿದುಳಿನಲ್ಲಿ ಯಾವ ಸಂಗತಿಗೆ ಎಷ್ಟು ಮಹತ್ವ ಕೊಡಬೇಕೆಂಬುದನ್ನು ನಿರ್ಧರಿಸುವಲ್ಲಿ ಡೋಪಮಿನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದ್ದು, ಅದರ ಹರಿವು ಮಿತಿಮೀರಿದಾಗ ದಾರಿಹೋಕನ ಕೆಮ್ಮು, ಪಕ್ಕದ ಮನೆಯ ನಗು, ರಸ್ತೆಯಲ್ಲಿ ನಿಂತ ಕಾರು ಇವೆಲ್ಲವೂ ತನ್ನನ್ನೇ ಕುರಿತಂತೆ ತೋರತೊಡಗುತ್ತವೆ. ಸೋಂಕು, ಮಾದಕ ವಸ್ತು, ಗ್ರಂಥಿದೋಷ, ನಿದ್ರಾಹೀನತೆ ಮುಂತಾದ ಬೇರೆ ಬೇರೆ ಕಾರಣಗಳು ಮಿದುಳಿನ ಈ ಅಳತೆಯನ್ನು ಬೇರೆ ಬೇರೆ ಬಗೆಯಲ್ಲಿ ತಪ್ಪಿಸಬಲ್ಲವು.

ತುರ್ತಾಗಿ ಗಮನಿಸಬೇಕಾದ ಕಾರಣಗಳಲ್ಲಿ ಮೊದಲನೆಯದು ನಮ್ಮ ಹಿರಿಯರು ಸನ್ನಿ ಎಂದು ಕರೆಯುತ್ತಿದ್ದ, ವೈದ್ಯರು ಡೆಲಿರಿಯಂ ಎನ್ನುವ ಸ್ಥಿತಿ. ಮೂತ್ರನಾಳದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆಯ ಏರುಪೇರು, ಮೂತ್ರಪಿಂಡ ಇಲ್ಲವೆ ಯಕೃತ್ತಿನ ವೈಫಲ್ಯ, ದೊಡ್ಡ ಶಸ್ತ್ರಚಿಕಿತ್ಸೆ, ಒಗ್ಗದ ಔಷಧ ಇವುಗಳಲ್ಲಿ ಯಾವುದರಿಂದಲಾದರೂ, ಅದರಲ್ಲೂ ವಯಸ್ಸಾದವರಲ್ಲಿ, ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಗಮನವೂ ಪ್ರಜ್ಞೆಯೂ ಕದಡಿಹೋಗುತ್ತವೆ. ನಿನ್ನೆಯವರೆಗೆ ಚೆನ್ನಾಗಿದ್ದ ಅಜ್ಜಿ ಇಂದು ಸಂಜೆ ನರ್ಸನ್ನು ಕೊಲೆಗಾತಿ ಎಂದು ಕೂಗಿ, ಡ್ರಿಪ್‌ನ ನಳಿಕೆಯನ್ನು ಕಿತ್ತು, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ ಎಂದು ಹೆದರಿದರೆ ಅದು ಹುಚ್ಚಲ್ಲ, ಸನ್ನಿ. ಬೆಳಿಗ್ಗೆ ತಿಳಿಯಾಗಿದ್ದು ರಾತ್ರಿಗೆ ಉಲ್ಬಣಿಸುವುದು, ದಿನ, ವಾರ, ಸ್ಥಳಗಳ ಅರಿವು ತಪ್ಪುವುದು, ದನಿಗಳಿಗಿಂತ ದೃಶ್ಯಗಳೇ ಹೆಚ್ಚು ಕಾಣುವುದು ಇದರ ಗುರುತುಗಳು. ಮೂಲ ಕಾರಣಕ್ಕೆ ಚಿಕಿತ್ಸೆಯಾದರೆ ಸಂಶಯವೂ ಸಾಮಾನ್ಯವಾಗಿ ಕರಗುತ್ತದೆ. ತಡವಾದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಇದು ಆಸ್ಪತ್ರೆಗೆ ಕೂಡಲೇ ಒಯ್ಯಬೇಕಾದ ಸ್ಥಿತಿ.

ಸನ್ನಿಯಂತೆ ಥಟ್ಟನೆ ಬಾರದೆ, ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಆವರಿಸುವ ಸಂಶಯ ಮರೆವಿನ ಕಾಯಿಲೆಯದು. ಜರ್ಮನಿಯ ಫ್ರಾಂಕ್‌ಫರ್ಟಿನ ಆಸ್ಪತ್ರೆಯಲ್ಲಿ 1901ರಲ್ಲಿ ಅಲೋಯ್ಸ್ ಆಲ್ಝೈಮರ್ ಪರೀಕ್ಷಿಸಿದ 51 ವರ್ಷದ ಮಹಿಳೆಯಲ್ಲಿ ಮೊಟ್ಟಮೊದಲು ಕಾಣಿಸಿಕೊಂಡ ಲಕ್ಷಣ ಮರೆವಾಗಿರಲಿಲ್ಲ, ಗಂಡನ ಮೇಲಿನ ಅನುಮಾನವಾಗಿತ್ತು. ಆಮೇಲೆ ಆಕೆ ಮನೆಯ ವಸ್ತುಗಳನ್ನು ಎಲ್ಲೆಲ್ಲೋ ಬಚ್ಚಿಡತೊಡಗಿದಳು, ಯಾರೋ ತನ್ನನ್ನು ಕೊಲ್ಲಲು ಬಂದಿದ್ದಾರೆಂದು ಕೂಗಿಕೊಂಡಳು. ಆಕೆಯ ಮರಣಾನಂತರ ಮಿದುಳನ್ನು ಪರೀಕ್ಷಿಸಿ 1906ರಲ್ಲಿ ಆಲ್ಝೈಮರ್ ನೀಡಿದ ವರದಿಯಿಂದಲೇ ಆ ಕಾಯಿಲೆಗೆ ಅವರ ಹೆಸರು ಬಂದಿತು. ಇಂದಿಗೂ ಈ ಕಾಯಿಲೆಯ ಅನೇಕ ಹಿರಿಯರು ತಮ್ಮ ಓಲೆಯನ್ನೋ ಪಿಂಚಣಿಯ ಹಣವನ್ನೋ ಎಲ್ಲೋ ಇಟ್ಟು, ಇಟ್ಟದ್ದನ್ನು ಮರೆತು, ಸೊಸೆ ಕದ್ದಳು ಎಂದೋ ಕೆಲಸದವಳು ಕದ್ದಳು ಎಂದೋ ಹೇಳುತ್ತಾರೆ. ನೆನಪಿನಲ್ಲಿ ಬಿದ್ದ ತೂತನ್ನು ಮಿದುಳು ತನಗೆ ತೋಚಿದ ಕಾರಣದಿಂದ ಮುಚ್ಚಿಕೊಳ್ಳುತ್ತದೆ. ಅದನ್ನು ಕೆಟ್ಟ ಬುದ್ಧಿ ಎಂದು ತಿಳಿದು ಮನಸ್ತಾಪ ಬೆಳೆಸಿಕೊಂಡ ಸಂಸಾರಗಳು ಅನೇಕ. ಇದೇ ಗುಂಪಿಗೆ ಸೇರಿದ ಲೂಯಿ ಬಾಡಿ ಎಂಬ ಬಗೆಯ ಮರೆವಿನ ಕಾಯಿಲೆಯಲ್ಲಿ ಮಕ್ಕಳು, ಪ್ರಾಣಿಗಳು ಕಣ್ಣೆದುರೇ ಇದ್ದಂತೆ ಸ್ಪಷ್ಟವಾಗಿ ಕಾಣುವ ಭ್ರಮೆಗಳೊಡನೆ ಸಂಶಯವೂ ಬರುತ್ತದೆ. ಭ್ರಾಂತಿ ತಗ್ಗಿಸಲು ಸಾಮಾನ್ಯವಾಗಿ ಕೊಡುವ ಔಷಧಗಳು ಇವರಲ್ಲಿ ಮೈ ಸೆಟೆದುಕೊಳ್ಳುವಂತಹ ತೀವ್ರ ತೊಂದರೆ ಉಂಟುಮಾಡಬಹುದಾದ್ದರಿಂದ ಸರಿಯಾದ ಕಾಯಿಲೆಯನ್ನು ಗುರುತಿಸುವುದು ಇಲ್ಲಿ ಜೀವನ್ಮರಣದ ಪ್ರಶ್ನೆಯಾಗಬಹುದು.

ಇಂದ್ರಿಯಗಳು ಮಂದವಾದಾಗಲೂ ಸಂಶಯ ಮೊಳೆಯುತ್ತದೆ. ಕಿವಿ ಮಂದವಾದವರಲ್ಲಿ ಅನುಮಾನ ಹೆಚ್ಚುವುದನ್ನು ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪಲಿನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಅಮೆರಿಕದ ಫಿಲಿಪ್ ಝಿಂಬಾರ್ಡೋ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಸಂಮೋಹನದ ಮೂಲಕ ತಾತ್ಕಾಲಿಕವಾಗಿ ಕಿವಿ ಮಂದವಾಗುವಂತೆ ಮಾಡಿ, ಅದರ ಕಾರಣ ಅವರ ಅರಿವಿಗೆ ಬಾರದಂತೆ ನೋಡಿಕೊಂಡಾಗ ಅವರಲ್ಲಿ ಸಂಶಯದ ಭಾವನೆಗಳು ಹೆಚ್ಚಿದವು; ಕಿವಿ ಮಂದವಾಗಿದೆಯೆಂಬ ಅರಿವಿದ್ದವರಲ್ಲಿ ಹಾಗಾಗಲಿಲ್ಲ. ತನಗೆ ಕೇಳಿಸುತ್ತಿಲ್ಲ ಎಂಬುದನ್ನು ಒಪ್ಪದ ಹಿರಿಯರಿಗೆ ಎದುರಿನವರು ಬೇಕೆಂದೇ ಪಿಸುಗುಡುತ್ತಿದ್ದಾರೆ ಎಂದು ಅನಿಸುವುದು ಈ ರೀತಿಯಲ್ಲೇ. ಕಿವಿಯ ಪರೀಕ್ಷೆ, ಗುಗ್ಗೆ ತೆಗೆಸುವುದು, ಶ್ರವಣಸಾಧನ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇವು ಇಂತಹವರ ಪಾಲಿಗೆ ಮನಸ್ಸಿನ ಚಿಕಿತ್ಸೆಯ ಭಾಗವೇ ಆಗುತ್ತವೆ.

ಗ್ರಂಥಿ ಮತ್ತು ಆಹಾರದ ಕೊರತೆಗಳ ಕಡೆಗೆ ನೋಡಿದರೆ, ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಕಥೆ ಹೆಚ್ಚು ಅರ್ಥಪೂರ್ಣವಾದದ್ದು. ಲಂಡನ್ನಿನ ವೈದ್ಯ ರಿಚರ್ಡ್ ಆಷರ್ 1949ರಲ್ಲಿ 14 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಮನೋರೋಗಿಗಳೆಂದು ತಿಳಿಯಲಾಗಿದ್ದ ಇವರ ಭ್ರಾಂತಿ, ಭ್ರಮೆಗಳ ಹಿಂದೆ ಇದ್ದದ್ದು ಥೈರಾಯ್ಡ್ ಸ್ರಾವದ ತೀವ್ರ ಕೊರತೆ. ಆ ಸ್ರಾವವನ್ನು ಔಷಧವಾಗಿ ಕೊಟ್ಟಾಗ ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಚಳಿ ತಡೆಯಲಾಗದಿರುವುದು, ದನಿ ಒಡೆಯುವುದು, ಮುಖ ಊದುವುದು, ಮಲಬದ್ಧತೆ, ಜಡತೆ ಇವುಗಳ ಜೊತೆಗೆ ಸಂಶಯ ಕಾಣಿಸಿದರೆ ಒಂದು ಸರಳ ರಕ್ತಪರೀಕ್ಷೆ ದಾರಿ ತೋರಿಸುತ್ತದೆ. ಥೈರಾಯ್ಡ್ ಸ್ರಾವ ಅತಿಯಾದಾಗಲೂ ಚಡಪಡಿಕೆ, ನಿದ್ರಾಭಂಗಗಳೊಡನೆ ಅನುಮಾನ ಬರಬಹುದು.

ಬಿ12 ಜೀವಸತ್ವದ ಕೊರತೆ ನಮ್ಮ ನಾಡಿನಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು. ಈ ಜೀವಸತ್ವ ಮಾಂಸ, ಮೀನು, ಮೊಟ್ಟೆ, ಹಾಲಿನ ಪದಾರ್ಥಗಳಲ್ಲಿ ಮಾತ್ರ ಸಹಜವಾಗಿ ದೊರೆಯುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳಲ್ಲಿ, ಜಠರದ ಹೀರುವ ಶಕ್ತಿ ಕುಗ್ಗಿದ ವೃದ್ಧರಲ್ಲಿ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಕೊರತೆ ಬೀಳಬಹುದು. ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು ಇವುಗಳೊಡನೆ ಸಂಶಯಭ್ರಾಂತಿಯೂ ಕಾಣಿಸಬಹುದು. ಎಷ್ಟೋ ಸಲ ರಕ್ತಹೀನತೆ ಕಾಣುವ ಮೊದಲೇ ಮನಸ್ಸಿನ ಲಕ್ಷಣಗಳು ಬಂದಿರುತ್ತವೆ. ನಯಾಸಿನ್ ಎಂಬ ಮತ್ತೊಂದು ಬಿ ಗುಂಪಿನ ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರ ರೋಗವು ಬಿಸಿಲಿಗೆ ತೆರೆದ ಚರ್ಮ ಕಪ್ಪಾಗಿ ಬಿರಿಯುವುದು, ಭೇದಿ, ಮತ್ತು ಬುದ್ಧಿಯ ಕದಡುವಿಕೆಗಳಿಂದ ಗುರುತಾಗುತ್ತದೆ. ಜೋಳವೇ ಮುಖ್ಯ ಆಹಾರವಾಗಿದ್ದ ದಖ್ಖನ್ ಪ್ರಸ್ಥಭೂಮಿಯ ಬಡವರಲ್ಲಿ ಈ ರೋಗ ಕಾಣುವುದನ್ನು ಹೈದರಾಬಾದಿನ ಪೌಷ್ಟಿಕಾಂಶ ವಿಜ್ಞಾನಿ ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೆ ವರದಿ ಮಾಡಿದ್ದರು. ಜೋಳದ ತಪ್ಪು ಇಲ್ಲಿಲ್ಲ. ಬೇಳೆ, ಹಾಲು, ತರಕಾರಿಗಳ ಜೊತೆಯಿಲ್ಲದೆ ಒಂದೇ ಧಾನ್ಯವನ್ನು ನೆಚ್ಚಿಕೊಳ್ಳುವಂತೆ ಮಾಡಿದ ಬಡತನದ್ದು ತಪ್ಪು.

ಮಿದುಳಿಗೇ ನೇರವಾಗಿ ತಗಲುವ ರೋಗಗಳು ಮತ್ತೊಂದು ಗುಂಪು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಮಾನಸಿಕ ಆಸ್ಪತ್ರೆಗಳಲ್ಲಿ ಹಾಸಿಗೆ ಹಿಡಿದಿದ್ದ ಅನೇಕರ ಭ್ರಾಂತಿಗೆ ಕಾರಣ ಸಿಫಿಲಿಸ್ ಎಂಬ ಲೈಂಗಿಕ ರೋಗ ಮಿದುಳಿಗೆ ಹಬ್ಬಿದ್ದು ಎಂಬುದನ್ನು, 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ವಿಜ್ಞಾನಿಗಳು ಅಂತಹ ರೋಗಿಗಳ ಮಿದುಳಿನಲ್ಲಿ ಆ ರೋಗಾಣುವನ್ನೇ ಕಂಡು ಸಾಬೀತುಪಡಿಸಿದರು. ಮುಂದೆ ಪೆನಿಸಿಲಿನ್ ಬಂದ ಮೇಲೆ ಆ ರೋಗ ಚಿಕಿತ್ಸೆಗೆ ಬಗ್ಗಿತು. ಇತ್ತೀಚೆಗೆ, 2007ರಲ್ಲಿ, ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು 12 ಮಹಿಳೆಯರನ್ನು ಕುರಿತು ಪ್ರಕಟಿಸಿದ ಅಧ್ಯಯನವು ಎನ್‌ಎಮ್‌ಡಿಎ ಗ್ರಾಹಕ ವಿರೋಧಿ ಮಿದುಳುರಿತವೆಂಬ ರೋಗವನ್ನು ಬೆಳಕಿಗೆ ತಂದಿತು. ದೇಹದ ರಕ್ಷಣಾ ವ್ಯವಸ್ಥೆಯು ದಾರಿತಪ್ಪಿ ಮಿದುಳಿನ ಜೀವಕೋಶಗಳ ಮೇಲಿನ ಗ್ರಾಹಕಗಳನ್ನೇ ಆಕ್ರಮಿಸುವ ಈ ರೋಗ ಹೆಚ್ಚಾಗಿ ಎಳೆವಯಸ್ಸಿನ ಹೆಂಗಸರಲ್ಲಿ, ಕೆಲವೊಮ್ಮೆ ಅಂಡಾಶಯದ ಗಡ್ಡೆಯ ಜೊತೆಯಲ್ಲಿ ಕಾಣುತ್ತದೆ. ಮೊದಲು ಭಯ, ಸಂಶಯ, ನಿದ್ರೆ ಇಲ್ಲದಿರುವುದು. ಕೆಲವು ದಿನ ಅಥವಾ ವಾರಗಳಲ್ಲಿ ಫಿಟ್ಸ್, ಬಾಯಿ ಮುಖಗಳ ವಿಚಿತ್ರ ಚಲನೆ, ಮಾತು ನಿಲ್ಲುವುದು, ಮೈ ಸೆಟೆಯುವುದು. ಸಕಾಲಕ್ಕೆ ಗುರುತಿಸಿ ರಕ್ಷಣಾ ವ್ಯವಸ್ಥೆಯನ್ನು ಹತೋಟಿಗೆ ತರುವ ಚಿಕಿತ್ಸೆ ಕೊಟ್ಟರೆ, ಗಡ್ಡೆಯಿದ್ದರೆ ತೆಗೆದರೆ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಮೂರ್ಛೆ ರೋಗದವರಲ್ಲಿಯೂ, ಅದರಲ್ಲೂ ಕಿವಿಯ ಮೇಲ್ಭಾಗದಲ್ಲಿರುವ ಮಿದುಳಿನ ಟೆಂಪೊರಲ್ ಹಾಲೆಯಿಂದ ಹುಟ್ಟುವ ಮೂರ್ಛೆಯಲ್ಲಿ, ಒಂದರ ಹಿಂದೊಂದು ಫಿಟ್ಸ್ ಬಂದು ನಿಂತು, ಒಂದೆರಡು ದಿನ ಸರಿಯಿದ್ದ ಮೇಲೆ ತೀವ್ರ ಸಂಶಯ ತಲೆದೋರುವುದುಂಟು. ತಾಮ್ರವು ದೇಹದಲ್ಲಿ ಶೇಖರವಾಗುವ ವಿಲ್ಸನ್ ರೋಗ, ಲೂಪಸ್, ಎಚ್‌ಐವಿ, ಮಿದುಳಿನ ಗಡ್ಡೆ, ತಲೆಗೆ ಬಿದ್ದ ಪೆಟ್ಟು ಇವೂ ಅಪರೂಪವಾಗಿ ಇದೇ ಮುಖವಾಡದಲ್ಲಿ ಬರುತ್ತವೆ.

ಹೊರಗಿನಿಂದ ದೇಹದೊಳಕ್ಕೆ ಹೋಗುವ ವಸ್ತುಗಳಿಂದ ಬರುವ ಸಂಶಯ ಇಂದು ಯುವಜನರ ಮಟ್ಟಿಗೆ ದೊಡ್ಡ ಸಮಸ್ಯೆ. ಆಂಫೆಟಮಿನ್ ಎಂಬ ಉತ್ತೇಜಕ ವಸ್ತುವಿನಿಂದ ಸ್ಕಿಜೋಫ್ರೀನಿಯಾವನ್ನೇ ಹೋಲುವ ಸಂಶಯಭ್ರಾಂತಿ ಬರುವುದನ್ನು ಲಂಡನ್ನಿನ ಫಿಲಿಪ್ ಕಾನೆಲ್ 1958ರಲ್ಲಿ 42 ರೋಗಿಗಳ ವಿವರಗಳೊಡನೆ ತೋರಿಸಿಕೊಟ್ಟರು. ಕೊಕೇನ್, ಮೆಥಾಂಫೆಟಮಿನ್‌ಗಳ ಪರಿಣಾಮವೂ ಅಂಥದ್ದೇ. ಗಾಂಜಾ ನಿರಪಾಯಕಾರಿ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಅದರ ಮುಖ್ಯ ಸತ್ವವಾದ ಟಿಎಚ್‌ಸಿಯನ್ನು ರಕ್ತನಾಳದ ಮೂಲಕ ಕೊಟ್ಟು ಬ್ರಿಟನ್ನಿನಲ್ಲಿ 121 ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗದಲ್ಲಿ ಆ ಸತ್ವ ಪಡೆದವರಲ್ಲಿ ಅರ್ಧದಷ್ಟು ಜನರಿಗೆ, ಸತ್ವವಿಲ್ಲದ ಹುಸಿ ಮದ್ದು ಪಡೆದವರಲ್ಲಿ ಶೇಕಡಾ 30 ಜನರಿಗೆ ಸಂಶಯದ ಆಲೋಚನೆಗಳು ಬಂದವು. ಮದ್ಯದ ವಿಷಯದಲ್ಲಿ ಕುಡಿತದಷ್ಟೇ ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯಕಾರಿ. ವರ್ಷಗಟ್ಟಲೆ ಕುಡಿದವರು ಬೇರೆ ಕಾಯಿಲೆಗೆಂದು ಆಸ್ಪತ್ರೆ ಸೇರಿ ಕುಡಿತ ತಪ್ಪಿದಾಗ, ಎರಡರಿಂದ ನಾಲ್ಕು ದಿನಗಳಲ್ಲಿ ನಡುಕ, ಬೆವರು, ದೃಶ್ಯಭ್ರಮೆ, ಭೀತಿಯ ಸನ್ನಿ ಬರಬಹುದಾದ್ದರಿಂದ ಕುಡಿತದ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ಹಳ್ಳಿಗಳ ಬೇಲಿಯಲ್ಲಿ ಬೆಳೆಯುವ ದತ್ತೂರಿಯ ಬೀಜ ಹೊಟ್ಟೆಗೆ ಹೋದರೂ ಬಾಯಿ ಒಣಗಿ, ಕಣ್ಣಾಲಿ ಹಿಗ್ಗಿ, ಇಂಥದೇ ಸನ್ನಿ ಕಾಣಿಸುತ್ತದೆ.

ಒಳ್ಳೆಯದಕ್ಕೆಂದು ಕೊಟ್ಟ ಔಷಧವೂ ಕೆಲವೊಮ್ಮೆ ಕಾರಣವಾಗುತ್ತದೆ. ಉಬ್ಬಸ, ಸಂಧಿವಾತ ಮುಂತಾದವುಗಳಿಗೆ ಬಳಸುವ ಸ್ಟೀರಾಯ್ಡ್‌ಗಳಲ್ಲಿ ಒಂದಾದ ಪ್ರೆಡ್ನಿಸೋನ್ ಕುರಿತು ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 1972ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 40 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪಡೆದವರಲ್ಲಿ ಶೇಕಡಾ 1.3 ಮಂದಿಗೆ ಮನಸ್ಸಿನ ತೊಂದರೆಗಳು ಕಾಣಿಸಿದರೆ, 80 ಮಿಲಿಗ್ರಾಂಗಿಂತ ಹೆಚ್ಚು ಪಡೆದವರಲ್ಲಿ ಶೇಕಡಾ 18.4 ಮಂದಿಗೆ ಕಾಣಿಸಿದವು. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ, ಡೋಪಮಿನ್ ಹೆಚ್ಚಿಸುವ ಔಷಧಗಳು, ಔಷಧಗಳಿಗೆ ಜಗ್ಗದ ಕ್ಷಯಕ್ಕೆ ಬಳಸುವ ಸೈಕ್ಲೋಸೆರಿನ್ ಇವೂ ಈ ಪಟ್ಟಿಯಲ್ಲಿವೆ. ಔಷಧವೇ ಕಾರಣವಿರಬಹುದು ಎನಿಸಿದಾಗ ಅದನ್ನು ತಾವೇ ನಿಲ್ಲಿಸಕೂಡದು; ಸ್ಟೀರಾಯ್ಡನ್ನು ಒಮ್ಮೆಲೇ ಬಿಡುವುದು ಪ್ರಾಣಾಪಾಯಕ್ಕೆ ದಾರಿಯಾಗಬಹುದಾದ್ದರಿಂದ ಬರೆದುಕೊಟ್ಟ ವೈದ್ಯರನ್ನೇ ಕೂಡಲೇ ಕಾಣಬೇಕು.

ಹೆರಿಗೆಯ ನಂತರದ ಮೊದಲ ಎರಡು ವಾರಗಳಲ್ಲಿ, ಸಾವಿರ ಬಾಣಂತಿಯರಲ್ಲಿ ಒಬ್ಬರಿಂದ ಇಬ್ಬರಿಗೆ, ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ತೀವ್ರ ಮನೋವಿಕಾರ ಬರುತ್ತದೆ. ನಿದ್ರೆ ಹಾರಿಹೋಗಿ, ಮಗುವನ್ನು ಯಾರೋ ಬದಲಾಯಿಸಿದ್ದಾರೆ, ಅತ್ತೆ ಮನೆಯವರು ಮಗುವಿಗೆ ಕೇಡು ಬಗೆಯುತ್ತಿದ್ದಾರೆ ಎಂಬ ಭ್ರಾಂತಿಗಳು ಮೂಡುತ್ತವೆ. ತಾಯಿಗೂ ಮಗುವಿಗೂ ಅಪಾಯವಿರುವ ಈ ಸ್ಥಿತಿ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತದೆ. ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಆರೈಕೆ ಮಾಡುವ ವಿಶೇಷ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2009ರಲ್ಲಿ ಆರಂಭಿಸಿತು.

ಇನ್ನು ಮನಸ್ಸಿನ ಕಡೆಯ ಕಾರಣಗಳು. ತೀವ್ರ ಖಿನ್ನತೆಯಲ್ಲಿ ಮುಳುಗಿದವರು ತಾವು ಪಾಪಿಗಳು, ಅದಕ್ಕಾಗಿ ಜನ ತಮ್ಮನ್ನು ದಂಡಿಸಲು ಕಾದಿದ್ದಾರೆ ಎಂದು ನಂಬಿದರೆ, ಮನಸ್ಸು ಅತಿಯಾಗಿ ಉಬ್ಬುವ ಮೇನಿಯಾದಲ್ಲಿ ತಮ್ಮ ಅಪಾರ ಶಕ್ತಿಯನ್ನು ಕಂಡು ಲೋಕವೇ ಕರುಬುತ್ತಿದೆ ಎಂದು ನಂಬುತ್ತಾರೆ. ಎರಡರಲ್ಲೂ ಸಂಶಯಕ್ಕಿಂತ ಮೊದಲು ಮನಃಸ್ಥಿತಿ ಕೆಟ್ಟಿರುತ್ತದೆ. ಭ್ರಾಂತಿರೋಗವೆಂಬ ಬೇರೊಂದು ಕಾಯಿಲೆ ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ತಲೆದೋರಿ, ಮಾತು, ನಡೆ, ಕೆಲಸಗಳೆಲ್ಲ ಸರಿಯಾಗಿದ್ದರೂ ಒಂದೇ ವಿಷಯದಲ್ಲಿ, ಉದಾಹರಣೆಗೆ ಸಂಗಾತಿಯ ಶೀಲದಲ್ಲಿ, ಅಲುಗದ ಭ್ರಾಂತಿ ನೆಲೆಸುತ್ತದೆ. ಕುಡಿತದ ಜೊತೆ ಸೇರಿದಾಗ ಈ ಬಗೆಯ ಶಂಕೆ ಹೆಂಡತಿಯ ಜೀವಕ್ಕೇ ಎರವಾಗಬಹುದಾದ್ದರಿಂದ, ಗಂಡನಿಗೆ ಸ್ವಲ್ಪ ಅನುಮಾನ ಎಂದು ಅದನ್ನು ಹಗುರವಾಗಿ ಕಾಣಕೂಡದು. ಇದಕ್ಕಿಂತ ಭಿನ್ನವಾಗಿ, ಯೌವನದಿಂದಲೇ ಯಾರನ್ನೂ ನಂಬದ, ಸಣ್ಣ ಮಾತನ್ನೂ ಅವಮಾನವೆಂದು ಎಣಿಸಿ ಮರೆಯದ ಸ್ವಭಾವವೇ ಗಟ್ಟಿಯಾದಾಗ ಅದನ್ನು ಸಂಶಯಪ್ರಧಾನ ವ್ಯಕ್ತಿತ್ವದೋಷ ಎನ್ನುತ್ತಾರೆ. ಇಲ್ಲಿ ಸ್ಪಷ್ಟವಾದ ಭ್ರಾಂತಿ ಇರುವುದಿಲ್ಲ.

ಬದುಕಿನ ಪೆಟ್ಟುಗಳ ಪಾಲೂ ಇದರಲ್ಲಿದೆ. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಸಹಪಾಠಿಗಳ ಕಿರುಕುಳ ಅನುಭವಿಸಿದವರು, ಜಾತಿ, ಬಣ್ಣ, ಹುಟ್ಟುಗಳ ಕಾರಣಕ್ಕೆ ನಿಜವಾಗಿಯೇ ತುಚ್ಛೀಕಾರ ಉಂಡವರು ಲೋಕವನ್ನು ಅಪಾಯದ ಜಾಗವೆಂದು ಕಾಣಲು ಕಲಿತಿರುತ್ತಾರೆ. ಅವರ ಸಂಶಯದಲ್ಲಿ ಒಂದು ಕಾಲದ ಸತ್ಯ ಅಡಗಿರುತ್ತದೆ. ಸ್ವಂತ ನೆಲ ಬಿಟ್ಟು ಬೇರೆ ದೇಶಕ್ಕೆ ವಲಸೆ ಹೋದವರಲ್ಲಿ ಭ್ರಾಂತಿಯುಳ್ಳ ಮನೋರೋಗಗಳು ಹೆಚ್ಚಾಗಿರುವುದನ್ನು ಬ್ರಿಟನ್, ನೆದರ್‌ಲ್ಯಾಂಡ್ಸ್‌ಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಒಂಟಿತನ ಇವೆಲ್ಲಕ್ಕೂ ಇಂಬು ಕೊಡುತ್ತದೆ, ಏಕೆಂದರೆ ತಪ್ಪು ಅನುಮಾನವನ್ನು ಆಡಿ ತಿದ್ದಿಕೊಳ್ಳಲು ಎದುರಿಗೆ ಒಂದು ಜೀವ ಬೇಕು.

ನಿದ್ರೆಯ ಪಾತ್ರ ಇದಕ್ಕಿಂತ ಕಡಿಮೆಯದಲ್ಲ. 1959ರಲ್ಲಿ ನ್ಯೂಯಾರ್ಕಿನ ರೇಡಿಯೋ ಕಾರ್ಯಕ್ರಮಕಾರ ಪೀಟರ್ ಟ್ರಿಪ್ ಸಹಾಯಾರ್ಥವಾಗಿ 201 ಗಂಟೆ ಎಚ್ಚರವಿದ್ದು ಪ್ರಸಾರ ನಡೆಸಿದಾಗ, ಕೊನೆಯ ದಿನಗಳಲ್ಲಿ ಉತ್ತೇಜಕ ಔಷಧವನ್ನೂ ಪಡೆದಿದ್ದ ಅವರು ತಮ್ಮನ್ನು ನೋಡಿಕೊಳ್ಳುತ್ತಿದ್ದ ವೈದ್ಯರ ಮೇಲೇ ಸಂಶಯಪಟ್ಟರು. ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿದ್ರಾಹೀನತೆಗೆ ಅಂತರ್ಜಾಲದ ಮೂಲಕ ಮನೋಚಿಕಿತ್ಸೆ ಪಡೆದವರ ನಿದ್ರೆ ಸುಧಾರಿಸಿದ್ದಲ್ಲದೆ ಸಂಶಯವೂ ಭ್ರಮೆಗಳೂ ತಗ್ಗಿದವು.

ಇಷ್ಟೊಂದು ಬೇರುಗಳಲ್ಲಿ ಯಾವುದೆಂದು ಹುಡುಕಲು ಕೆಲವು ಸುಳಿವುಗಳಿವೆ. ಸ್ಕಿಜೋಫ್ರೀನಿಯಾ ಬಹುಮಟ್ಟಿಗೆ ಹದಿವಯಸ್ಸಿನ ಕೊನೆಯಿಂದ ಮೂವತ್ತೈದರೊಳಗೆ, ತಿಂಗಳುಗಟ್ಟಲೆ ಮೆಲ್ಲನೆ, ಪ್ರಜ್ಞೆ ತಿಳಿಯಾಗಿರುವಾಗಲೇ ಆರಂಭವಾಗುತ್ತದೆ. ನಲವತ್ತು ದಾಟಿದ ಮೇಲೆ ಮೊದಲ ಸಲ ಬಂದ ಸಂಶಯ, ಕೆಲವೇ ದಿನಗಳಲ್ಲಿ ಹುಟ್ಟಿದ್ದು, ಗಂಟೆಗಂಟೆಗೂ ಏರಿಳಿಯುವುದು, ಜ್ವರ, ತಲೆನೋವು, ಫಿಟ್ಸ್, ನಡಿಗೆಯ ದೋಷಗಳೊಡನೆ ಬಂದದ್ದು, ಹೊಸ ಔಷಧ ಆರಂಭಿಸಿದ ಬೆನ್ನಿಗೇ ಬಂದದ್ದು ಇವೆಲ್ಲ ದೇಹದ ಕಡೆಗೆ ಕೈ ತೋರುತ್ತವೆ. ಆಗ ವೈದ್ಯರು ರಕ್ತದ ಲವಣ, ಸಕ್ಕರೆ, ಥೈರಾಯ್ಡ್, ಬಿ12, ಮೂತ್ರಪಿಂಡ, ಯಕೃತ್ತುಗಳ ಪರೀಕ್ಷೆಯನ್ನೂ, ಅಗತ್ಯ ಕಂಡರೆ ಮಿದುಳಿನ ಸ್ಕ್ಯಾನ್, ಇಇಜಿ, ಬೆನ್ನುಹುರಿಯ ದ್ರವದ ಪರೀಕ್ಷೆಯನ್ನೂ ಮಾಡಿಸುತ್ತಾರೆ.

ಮನೆಯವರ ನಡವಳಿಕೆಯೂ ಚಿಕಿತ್ಸೆಯ ಅಂಗ. ಭ್ರಾಂತಿಯನ್ನು ವಾದಿಸಿ ಗೆಲ್ಲಲಾಗದು, ಹೌದೆಂದು ತಲೆಯಾಡಿಸುವುದೂ ಸಲ್ಲದು. ಅದರ ಹಿಂದಿರುವ ಭಯವನ್ನು ಒಪ್ಪಿಕೊಂಡು, ಜೊತೆಗಿದ್ದೇವೆ ಎಂಬ ಭರವಸೆ ಕೊಡುವುದೇ ಸರಿಯಾದ ದಾರಿ. ರೋಗಿಯ ಎದುರಿಗೆ ಪಿಸುಗುಡುವುದು, ನಗುವುದು ಬೇಡ. ಕಾಫಿಯಲ್ಲೋ ಸಾರಿನಲ್ಲೋ ಕದ್ದು ಔಷಧ ಬೆರೆಸುವುದು ಗೊತ್ತಾದ ದಿನ ರೋಗಿಯ ಸಂಶಯಕ್ಕೆ ನಿಜವಾದ ಆಧಾರವೇ ಸಿಕ್ಕಂತಾಗುತ್ತದೆ. ದೇವರ ಮೇಲಿನ ನಂಬಿಕೆಗೂ ವೈದ್ಯರ ಭೇಟಿಗೂ ವಿರೋಧವಿಲ್ಲ, ಆದರೆ ಹರಕೆ ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡಬಾರದು. ಮನೋರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಜಿಲ್ಲಾ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಒದಗಿಸಬಹುದೆಂಬುದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಅದರ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಸಂಶಯ ಅಂಟಿಕೊಂಡರೆ ಉಳಿದವರು ಅವರನ್ನು ದೂರದೆ, ದೂರವಿಡದೆ, ಕಾಯಿಲೆಯ ಹೆಸರನ್ನು ತಾವೇ ನಿರ್ಧರಿಸದೆ, ಅವರು ಸೇವಿಸುತ್ತಿರುವ ಎಲ್ಲ ಔಷಧಗಳ ಚೀಟಿಯೊಡನೆ ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು.